ಬೇಸ್ ಮನೆಯ ಕ್ಲಾಸೆಟ್ ಗೋಡೆಯಲ್ಲಿ ಮತ್ತೆ ಬೂಷ್ಟು: ಬಣ್ಣ ಬಳಿದು ಹೋದರು, ಮುಂದೇನು?

ಪಿಸಿಎಸ್_ಪೆಟ್ಟಿಗೆ ಕೇಳಿದ್ದು:

ಅಮೆರಿಕದ ಆಗ್ನೇಯ ಕರಾವಳಿಯ ಆರ್ಮಿ ಬೇಸ್, ಖಾಸಗಿ ಕಂಪನಿ ನೋಡಿಕೊಳ್ಳುವ ಕುಟುಂಬ ವಸತಿ. 1970ರ ದಶಕದ ಒಂದೇ ಮಹಡಿಯ ಮನೆ, ಕಾಂಕ್ರೀಟ್ ಸ್ಲ್ಯಾಬ್ ಮೇಲೆ. ಮಕ್ಕಳ ಕೋಣೆಯ ಕ್ಲಾಸೆಟ್‌ನಲ್ಲಿ (ಬಟ್ಟೆ ಇಡುವ ಗೂಡು) ಹಿಂದಿನ ಗೋಡೆಯ ಬುಡಕ್ಕೆ ಸುಮಾರು 3 ಅಡಿ ಅಗಲ, 2 ಅಡಿ ಎತ್ತರದಷ್ಟು ಕಪ್ಪುಹಸಿರು ಬೂಷ್ಟು. ಬೇಸ್‌ಬೋರ್ಡ್ (ಗೋಡೆ ಬುಡದ ಪಟ್ಟಿ) ಉಬ್ಬಿದೆ, ಬೆರಳಲ್ಲಿ ಒತ್ತಿದರೆ ಡ್ರೈವಾಲ್ (ಕಾಗದ ಹೊದಿಸಿದ ಜಿಪ್ಸಮ್ ಹಾಳೆಯ ಗೋಡೆ) ಮೆತ್ತಗೆ ಒಳಹೋಗುತ್ತದೆ. ಬಾಗಿಲು ತೆರೆದರೆ ಮುಗ್ಗಲು ವಾಸನೆ.

ಇದುವರೆಗೆ ಎರಡು ವರ್ಕ್ ಆರ್ಡರ್ (ದುರಸ್ತಿ ಕೋರಿಕೆ) ಆಗಿವೆ. ಮೊದಲನೆಯದಕ್ಕೆ ಬ್ಲೀಚ್ ಸಿಂಪಡಿಸಿ ಒರೆಸಿದರು. ಎರಡನೆಯದಕ್ಕೆ ಕಲೆ ಮುಚ್ಚುವ ಪ್ರೈಮರ್ ಬಳಿದು "ಕೆಲಸ ಮುಗಿದಿದೆ" ಎಂದು ಮುಚ್ಚಿದರು. ಆರು ವಾರಕ್ಕೆ ಬಣ್ಣದ ಮೇಲೇ ಮತ್ತೆ ಚುಕ್ಕಿಗಳು. ಥರ್ಮೋಸ್ಟಾಟ್ 69 ಡಿಗ್ರಿ ಫ್ಯಾರನ್‌ಹೀಟ್, ಫ್ಯಾನ್ ಯಾವಾಗಲೂ "ಆನ್", ಆದರೂ ಒಳಗಿನ ತೇವಾಂಶ 64ರಿಂದ 68%. ಏಸಿ ವೆಂಟ್‌ಗಳ ಸುತ್ತ ಛಾವಣಿಯೂ ಕಪ್ಪಗಾಗಿದೆ. ಮನೆಯಲ್ಲಿ ಆಸ್ತಮಾ ಇರುವ ನಾಲ್ಕು ವರ್ಷದ ಮಗು ಇದೆ.

ಬೂಷ್ಟು ಪರೀಕ್ಷೆಯ ಕಿಟ್ ತರಿಸಬೇಕಾ? ನಾವೇ ಆ ಭಾಗ ಕತ್ತರಿಸಿ ತೆಗೆಯಬಹುದಾ? ಸರಿಮಾಡುವ ತನಕ ಬಾಡಿಗೆ ನಿಲ್ಲಿಸಬಹುದಾ?

---

ತೇವಮಾಪಕ:

ಕಿಟ್ ಬೇಡ. ಗಾಳಿಯಲ್ಲಿ ಇಷ್ಟು ಬೂಷ್ಟಿನ ಕಣ ಇದ್ದರೆ ಅಪಾಯ, ಅಷ್ಟಿದ್ದರೆ ಸರಿ ಎನ್ನುವ ಫೆಡರಲ್ ಮಿತಿಯೇ ಇಲ್ಲ. ತಟ್ಟೆ ತೆರೆದಿಟ್ಟು ಬೆಳೆಸುವ ಕಿಟ್ ಯಾವ ಮನೆಯಲ್ಲಿಟ್ಟರೂ ಏನಾದರೂ ಬೆಳೆಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಕಂಪನಿಯವರು ಒಂದು ದಿನ ಬಂದು ಗಾಳಿಯ ಸ್ಯಾಂಪಲ್ ತೆಗೆದು "ಹೊರಗಿಗಿಂತ ಒಳಗೆ ಕಡಿಮೆ ಇದೆ, ಸಮಸ್ಯೆಯಿಲ್ಲ" ಎನ್ನುವ ಕಾಗದ ಕೈಗಿಡಬಹುದು. ಗೋಡೆಯೊಳಗೆ ಮುಚ್ಚಿಕೊಂಡಿರುವ ಬೂಷ್ಟು ಆ ಹೊತ್ತಿನ ಗಾಳಿಯಲ್ಲಿ ಸಿಗಲೇಬೇಕೆಂದಿಲ್ಲ. ಕಣ್ಣಿಗೆ ಕಾಣುತ್ತಿದೆ, ಮೂಗಿಗೆ ತಿಳಿಯುತ್ತಿದೆ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ, ಪರಿಸರ ಸಂಸ್ಥೆ ಇಪಿಎ ಎರಡೂ ಹೇಳುವುದು ಇದನ್ನೇ: ಕಾಣುವಂತಿದ್ದರೆ ಜಾತಿ ಯಾವುದೆಂದು ನೋಡುತ್ತ ಕೂರಬೇಡಿ, ತೆಗೆಯಿರಿ, ನೀರು ನಿಲ್ಲಿಸಿ. ಕಪ್ಪಗಿದ್ದರೆ ಹೆಚ್ಚು ವಿಷ ಎಂಬುದೂ ಬಣ್ಣ ನೋಡಿ ಹೇಳುವ ಮಾತಲ್ಲ.

ಆ ಹಣಕ್ಕೆ ಪಿನ್ ಇರುವ ಮಾಯಿಶ್ಚರ್ ಮೀಟರ್ ತೆಗೆದುಕೊಳ್ಳಿ. ಡ್ರೈವಾಲ್ ಮೇಲೆ ಅದು ತೋರಿಸುವ ಅಂಕಿಯನ್ನು ಹಾಗೇ ನಂಬಬಾರದು, ಹೋಲಿಸಿ ನೋಡಬೇಕು. ಮನೆಯ ನಡುವಿನ ಒಣ ಗೋಡೆಯಲ್ಲಿ ಒಮ್ಮೆ ಚುಚ್ಚಿ, ಆ ಅಂಕಿ ಬರೆದುಕೊಳ್ಳಿ. ಆಮೇಲೆ ಕ್ಲಾಸೆಟ್ ಗೋಡೆಯಲ್ಲಿ ಬುಡದಿಂದ 2 ಇಂಚು, 12 ಇಂಚು, 24 ಇಂಚು, 48 ಇಂಚು ಎತ್ತರಕ್ಕೆ ಚುಚ್ಚುತ್ತ ಹೋಗಿ. ಬುಡದಲ್ಲಿ ಹೆಚ್ಚಿದ್ದು ಮೇಲಕ್ಕೆ ಹೋದಂತೆ ಒಣಗಿದ್ದರೆ ನೀರು ನೆಲದ ಕಡೆಯಿಂದ ಹೀರಿಕೊಂಡು ಏರುತ್ತಿದೆ. ಮೇಲಿನಿಂದ ಕೆಳಗಿನ ತನಕ ಒದ್ದೆಯಿದ್ದರೆ ಛಾವಣಿ ಅಥವಾ ಮೇಲಿನ ಪೈಪು. ಗೋಡೆಯಿಡೀ ಸಣ್ಣಗೆ ಒಂದೇ ಸಮ ತೇವವಿದ್ದರೆ ಗೋಡೆ ಬೆವರುತ್ತಿದೆ ಎಂದರ್ಥ.

ನೀವು ಬರೆದ ಚಿತ್ರ ಮೊದಲನೆಯದಕ್ಕೆ ಹೊಂದುತ್ತದೆ. ಬೇಸ್‌ಬೋರ್ಡ್ ಉಬ್ಬಬೇಕಾದರೆ ನೀರೇ ಹರಿದಿರಬೇಕು, ಬರೀ ಗಾಳಿಯ ತೇವಕ್ಕೆ ಅಷ್ಟಾಗುವುದಿಲ್ಲ. ಆ ಗೋಡೆಯ ಆಚೆ ಬದಿ ಏನಿದೆ?

ಬ್ಲೀಚ್ ವಿಷಯ. ಟೈಲ್ಸ್, ಬಾತ್‌ಟಬ್‌ನಂಥ ನೀರು ಹೀರದ ಮೇಲ್ಮೈಗೂ ಸೋಪು, ನೀರು, ಉಜ್ಜುವ ಬ್ರಷ್, ಆಮೇಲೆ ಪೂರ್ತಿ ಒಣಗಿಸುವುದು, ಇಷ್ಟು ಸಾಕು. ಡ್ರೈವಾಲ್‌ಗಂತೂ ಬ್ಲೀಚ್ ಕೆಲಸಕ್ಕೆ ಬರುವುದಿಲ್ಲ. ಬೂಷ್ಟು ತಿನ್ನುತ್ತಿರುವುದು ಡ್ರೈವಾಲ್‌ನ ಕಾಗದವನ್ನು. ಸಿಂಪಡಿಸಿದಾಗ ಮೇಲಿನ ಬಣ್ಣ ಬಿಳಿಚುತ್ತದೆ, ಬ್ಲೀಚಿನಲ್ಲಿರುವ ನೀರು ಮಾತ್ರ ಕಾಗದಕ್ಕೆ ಇಳಿಯುತ್ತದೆ. ಅದರ ಮೇಲೆ ಪ್ರೈಮರ್ ಬಳಿದರೆ ಗೋಡೆ ಈ ಕಡೆಗೆ ಆರುವ ದಾರಿಯೂ ಮುಚ್ಚಿತು.

---

ಪಿಸಿಎಸ್_ಪೆಟ್ಟಿಗೆ:

ಆಚೆ ಬದಿ ಏಸಿಯ ಏರ್ ಹ್ಯಾಂಡ್ಲರ್ (ಮನೆಯೊಳಗಿನ ಫ್ಯಾನ್, ಕಾಯಿಲ್ ಇರುವ ಯಂತ್ರ) ನಿಂತಿರುವ ಸಣ್ಣ ಕಪಾಟು. ಅದರ ಪಕ್ಕದಿಂದ ಬಿಳಿ ಪಿವಿಸಿ ಪೈಪು ಗೋಡೆ ದಾಟಿ ಹೊರಗೆ ಹೋಗುತ್ತದೆ. ಹೊರಗಿನ ತುದಿಯಲ್ಲಿ ನೀರು ತೊಟ್ಟಿಕ್ಕುತ್ತಿಲ್ಲ.

---

ಡಕ್ಟ್_ಮೇಸ್ತ್ರಿ:

ಹಾಗಾದ್ರೆ ಸಿಕ್ಕಿತು ಅನ್ನಿ. ನಿಮ್ಮ ಊರಿನ ಬೇಸಿಗೆಯಲ್ಲಿ ಓಡೋ ಏಸಿಯ ಹೊರಗಿನ ಪೈಪು ಒಣಗಿದೆ ಅಂದ್ರೆ ನೀರು ಬೇರೆ ಎಲ್ಲೋ ಹೋಗ್ತಿದೆ. ಗಾಳಿ ತಣ್ಣಗೆ ಮಾಡೋ ಕಾಯಿಲ್ (ಕೊಳವೆ ಸುರುಳಿ) ಮೇಲೆ ಇಳಿದ ನೀರು ಕೆಳಗಿನ ತಟ್ಟೆಗೆ ಬಿದ್ದು, ಮುಕ್ಕಾಲು ಇಂಚಿನ ಆ ಪೈಪಲ್ಲಿ ತಾನಾಗೇ ಹರಿದು ಹೋಗಬೇಕು. ಪೈಪಿನೊಳಗೆ ಲೋಳೆ ಕಟ್ಟಿದ್ರೆ ತಟ್ಟೆ ತುಂಬಿ ಸ್ಲ್ಯಾಬ್ ಮೇಲೆ ಸುರಿಯುತ್ತೆ. ಡ್ರೈವಾಲ್ ಸ್ಲ್ಯಾಬಿಗೆ ತಾಗಿಕೊಂಡಿದ್ರೆ ದೀಪದ ಬತ್ತಿ ಎಣ್ಣೆ ಹೀರೋ ಹಾಗೆ ನೀರು ಹೀರಿ ಮೇಲಕ್ಕೆಳೆಯುತ್ತೆ.

ಪೈಪಿನ ಮೇಲೆ ಟಿ ಆಕಾರದ ಜೋಡಣೆಗೆ ಒಂದು ಮುಚ್ಚಳ ಇರುತ್ತೆ. ಏಸಿ ಆಫ್ ಮಾಡಿ, ಮುಚ್ಚಳ ತೆಗೆದು ಅರ್ಧ ಲೀಟರ್ ನೀರನ್ನು ನಿಧಾನವಾಗಿ ಹುಯ್ಯಿರಿ. ಇನ್ನೊಬ್ಬರು ಹೊರಗಿನ ತುದಿ ಹತ್ತಿರ ನಿಂತು ವಿಡಿಯೋ ಮಾಡಲಿ. ಹೊರಗೆ ಬಾರದೆ ಮುಚ್ಚಳದ ಬಾಯಿಗೇ ನೀರು ವಾಪಸ್ ಏರಿದ್ರೆ ಕಟ್ಟಿದೆ, ಅಲ್ಲಿಗೇ ನಿಲ್ಲಿಸಿ. ಆ ವಿಡಿಯೋ ನಿಮ್ಮ ಮೂರನೇ ವರ್ಕ್ ಆರ್ಡರ್‌ಗೆ ಸಾಕ್ಷಿ. ಹೊರಗಿನ ತುದಿಗೆ ವೆಟ್ ವ್ಯಾಕ್ಯೂಮ್ ಹಚ್ಚಿ, ಸಂದಿಗೆ ಬಟ್ಟೆ ಸುತ್ತಿ ಎರಡು ಮೂರು ನಿಮಿಷ ಎಳೆದ್ರೆ ಲೋಳೆ ಬರುತ್ತೆ. ಆದ್ರೆ ಅದನ್ನು ಅವರ ಕೈಯಲ್ಲೇ ಮಾಡಿಸಿ. ನೀವೇ ಬಿಡಿಸಿಬಿಟ್ರೆ ಅವರು ಬಂದಾಗ ನೀರು ಸರಾಗ ಹರೀತಿರುತ್ತೆ, "ದೋಷ ಕಂಡುಬಂದಿಲ್ಲ" ಅಂತ ಬರೆದು ಹೋಗ್ತಾರೆ.

ಬರೀ ಬ್ಲಾಕ್ ತೆಗೆದು ಹೋಗೋಕೂ ಬಿಡಬೇಡಿ. ಮೂರು ವಿಷಯ ಕೇಳಿ. ಪೈಪಿಗೆ ಇಳಿಜಾರು ಇದೆಯಾ? ಪ್ರತಿ ಒಂದು ಅಡಿ ಉದ್ದಕ್ಕೆ ಎಂಟನೇ ಒಂದು ಇಂಚಾದ್ರೂ ಬೇಕು. ಗಾಳಿಯ ದಾರಿಯಲ್ಲಿ ಕಾಯಿಲ್ ಫ್ಯಾನಿಗಿಂತ ಮುಂಚೆ ಇರೋ ಯೂನಿಟ್ ಆದ್ರೆ ಪಿ-ಟ್ರ್ಯಾಪ್ (ನೀರು ನಿಂತು ಗಾಳಿ ತಡೆಯೋ ಬಾಗಿದ ಪೈಪು) ಇದೆಯಾ? ಅದಿಲ್ಲದಿದ್ರೆ ಫ್ಯಾನ್ ಓಡುವಷ್ಟು ಹೊತ್ತೂ ಪೈಪಿನಿಂದ ಗಾಳಿ ಒಳಗೆ ಎಳೆದು ನೀರನ್ನು ತಟ್ಟೆಯಲ್ಲೇ ತಡೆಹಿಡಿಯುತ್ತೆ. ನಿಮ್ಮ ಫ್ಯಾನ್ ಇಪ್ಪತ್ತನಾಲ್ಕು ಗಂಟೆ ಆನ್, ಅಂದ್ರೆ ಆ ನೀರಿಗೆ ಬಿಡುವೇ ಸಿಗಲ್ಲ. ಮೂರನೇದು ಫ್ಲೋಟ್ ಸ್ವಿಚ್, ತಟ್ಟೆ ತುಂಬುತ್ತಿದ್ದ ಹಾಗೆ ಏಸಿಯನ್ನೇ ನಿಲ್ಲಿಸೋ ಚಿಕ್ಕ ಸಾಮಾನು. ಅದು ಇದ್ದಿದ್ರೆ ಗೋಡೆ ಉಳೀತಿತ್ತು.

ಈಗ ಥರ್ಮೋಸ್ಟಾಟ್. ಫ್ಯಾನನ್ನು "ಆಟೋ"ಗೆ ಹಾಕಿ, ಇವತ್ತೇ. ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ತಿರುಗ್ತಿದ್ರೆ ಕಾಯಿಲ್ ಮೇಲೆ ಉಳಿದ ನೀರು ಆವಿಯಾಗಿ ಮತ್ತೆ ಕೋಣೆಗೇ ಬರುತ್ತೆ. ನಿಮ್ಮ 68% ತೇವದಲ್ಲಿ ಇದರ ಪಾಲು ದೊಡ್ಡದು. ಎರಡನೇದು, 69 ತುಂಬಾ ತಂಪು. ಕರಾವಳಿಯ ಬೇಸಿಗೇಲಿ ಹೊರಗಿನ ಇಬ್ಬನಿ ಬಿಂದು 75ರ ಸುತ್ತ ಇರುತ್ತೆ, ಅಂದ್ರೆ 75ಕ್ಕಿಂತ ತಣ್ಣಗಿರೋ ಯಾವುದನ್ನು ಆ ಗಾಳಿ ಮುಟ್ಟಿದ್ರೂ ನೀರಾಗುತ್ತೆ. ಹಳೇ ಮನೆ ಗೋಡೆ ಸಂದಿಗಳಲ್ಲಿ ನುಗ್ಗಿದ ಹೊರಗಾಳಿ ನಿಮ್ಮ 69 ಡಿಗ್ರಿಯ ಡ್ರೈವಾಲ್ ಹಿಂಬದಿಯನ್ನು ಮುಟ್ಟಿ ಬೆವರುತ್ತೆ. ತೇವ ಜಾಸ್ತಿ ಅಂತ ಇನ್ನೂ ತಂಪು ಮಾಡಿದಷ್ಟೂ ಗೋಡೆ ಇನ್ನೂ ಒದ್ದೆ. 74ರಿಂದ 76ಕ್ಕೆ ಇಟ್ಟು, ಬೇರೆ ಡಿಹ್ಯುಮಿಡಿಫೈಯರ್‌ನಿಂದ ತೇವವನ್ನು 50%ಗೆ ಇಳಿಸೋದು ಸರಿಯಾದ ದಾರಿ. 60 ದಾಟಲೇಬಾರದು. ಡಿಹ್ಯುಮಿಡಿಫೈಯರ್ ಕೊಡಿ ಅಂತ ಕಂಪನಿಯನ್ನು ಬರವಣಿಗೆಯಲ್ಲಿ ಕೇಳಿ. ಅದರ ಬಕೆಟ್ ಖಾಲಿ ಮಾಡೋದು ಮರೆತರೆ ಅದು ನಿಂತುಬಿಡುತ್ತೆ, ಹೋಸ್ ಹಾಕಿ ಸಿಂಕಿಗೆ ಬಿಡಿ.

ಏಸಿ ಐದಾರು ನಿಮಿಷ ಓಡಿ ನಿಲ್ತಿದ್ರೆ ಯೂನಿಟ್ ಮನೆಗಿಂತ ದೊಡ್ಡದು. ಗಾಳಿ ತಣ್ಣಗಾಗುತ್ತೆ, ನೀರು ಹಿಂಡೋಕೆ ಸಮಯ ಸಾಲಲ್ಲ. ಎಷ್ಟು ಹೊತ್ತು ಓಡುತ್ತೆ, ಎಷ್ಟು ಹೊತ್ತು ನಿಲ್ಲುತ್ತೆ ಅಂತ ಒಂದು ಮಧ್ಯಾಹ್ನ ಗಡಿಯಾರ ನೋಡಿ ಬರೆದಿಡಿ.

ವೆಂಟ್ ಸುತ್ತಿನ ಕಪ್ಪು ಬಹಳ ಸಲ ಬೂಷ್ಟಲ್ಲ, ಬರೀ ದೂಳು. ತಣ್ಣನೆ ಅಂಚಿಗೆ ತೇವ ಕೂತು ದೂಳು ಅಂಟುತ್ತೆ. ಒಣ ಬಿಳಿ ಟಿಶ್ಯೂನಲ್ಲಿ ಉಜ್ಜಿ ನೋಡಿ, ಮಸಿ ತರ ಬಂದು ಕೆಳಗೆ ಪೇಂಟ್ ಚೆನ್ನಾಗಿದ್ರೆ ಅದನ್ನು ದೂರಿಗೆ ಸೇರಿಸಬೇಡಿ. ಒಂದು ಅಂಶ ಸುಳ್ಳಾದ್ರೆ ಉಳಿದದ್ದಕ್ಕೂ ಬೆಲೆ ಹೋಗುತ್ತೆ.

ಇನ್ನೊಂದು, ತೇವಾಂಶದ ಮೀಟರ್ ಸರಿಯಿದೆಯಾ ಅಂತ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಒದ್ದೆ ಮರಳಿನ ಹದಕ್ಕೆ ಬರುವಷ್ಟೇ ನೀರು. ಅದನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿ ಮುಚ್ಚಿ 8ರಿಂದ 12 ಗಂಟೆ ಬಿಡಿ. ಒಳಗೆ 75% ಇರುತ್ತೆ. ಮೀಟರ್ 70 ತೋರಿಸಿದ್ರೆ ಅದು 5 ಕಡಿಮೆ ಹೇಳ್ತಿದೆ.

---

ಲೀಸ್_ಓದುಗ:

ಬಾಡಿಗೆ ಬಗ್ಗೆ: ನೀವಾಗಿ ನಿಲ್ಲಿಸಬೇಡಿ. ಬಿಎಎಚ್ (ಸೇನೆ ಕೊಡುವ ವಸತಿ ಭತ್ಯೆ) ಸಂಬಳದ ಅಲಾಟ್‌ಮೆಂಟ್ ಮೂಲಕ ನೇರ ಕಂಪನಿಗೆ ಹೋಗುತ್ತದೆ. ಅದನ್ನು ಕೈಯಾರೆ ನಿಲ್ಲಿಸಿದರೆ ಲೀಸ್ ಮುರಿದವರು ನೀವಾಗುತ್ತೀರಿ. ಕಾನೂನಿನಲ್ಲಿರುವ ದಾರಿ ಬೇರೆ. ಖಾಸಗೀಕರಣಗೊಂಡ ಸೇನಾ ವಸತಿಯ ಬಾಡಿಗೆದಾರರ ಹಕ್ಕುಪತ್ರದಲ್ಲಿ 18 ಹಕ್ಕುಗಳಿವೆ. 2019ರಲ್ಲಿ ಸೆನೆಟ್ ಸಮಿತಿಯ ಮುಂದೆ ಕುಟುಂಬಗಳು ಹೇಳಿಕೆ ಕೊಟ್ಟ ಮೇಲೆ, 2020ರ ಹಣಕಾಸು ವರ್ಷದ ರಕ್ಷಣಾ ಅಧಿಕಾರ ಕಾಯ್ದೆಯಿಂದ ಬಂದದ್ದು. ಅದರಲ್ಲಿ ನಿಮಗೆ ಬೇಕಾದವು ನಾಲ್ಕು: ಔಪಚಾರಿಕ ವಿವಾದ ಇತ್ಯರ್ಥ, ಆ ವಿವಾದ ಮುಗಿಯುವ ತನಕ ಬಿಎಎಚ್ ಹಣವನ್ನು ಕಂಪನಿ ಮುಟ್ಟದಂತೆ ಬೇರೆ ಇರಿಸುವುದು, ಮನೆಯ ಹಿಂದಿನ 7 ವರ್ಷಗಳ ದುರಸ್ತಿ ಚರಿತ್ರೆ, ವಾಸಕ್ಕೆ ಯೋಗ್ಯವಾಗಿಸುವ ದುರಸ್ತಿ ನಡೆಯುವಾಗ ನಿಮ್ಮ ಖರ್ಚಿಲ್ಲದೆ ಬೇರೆ ಕಡೆ ಇರಿಸುವುದು.

ಮೊದಲು ಆ 7 ವರ್ಷದ ಚರಿತ್ರೆ ಕೇಳಿ. ಲೀಸ್‌ಗೆ ಸಹಿ ಹಾಕುವ ಮುಂಚೆಯೇ ಕೊಡಬೇಕಾದದ್ದು. ಹಿಂದಿನ ಬಾಡಿಗೆದಾರರ ಕಾಲದಲ್ಲೂ "ಏಸಿ ನೀರು", "ಕ್ಲಾಸೆಟ್ ಪೇಂಟ್" ಎಂಬ ಸಾಲುಗಳು ಸಿಕ್ಕರೆ ನಿಮ್ಮ ಜೀವನಶೈಲಿಯೇ ಕಾರಣ, ಬಟ್ಟೆ ಒಳಗೆ ಒಣಹಾಕುತ್ತೀರಿ ಎಂಬ ವಾದ ಅಲ್ಲಿಗೇ ಮುಗಿಯಿತು.

ದೂರಿನ ಭಾಷೆ ಮುಖ್ಯ. "ಮಿಲ್ಡ್ಯೂ (ಮೇಲ್ಮೈಯ ತೆಳು ಬೂಷ್ಟು) ಇದೆ" ಎಂದು ಬರೆದರೆ ಅದು ರೊಟೀನ್ ಪಟ್ಟಿಗೆ ಬೀಳುತ್ತದೆ, ಒಬ್ಬ ಪೇಂಟರ್ ಬರುತ್ತಾನೆ. ಹೀಗಿರಲಿ: ಏಸಿ ತಟ್ಟೆಯಿಂದ ಈಗಲೂ ನೀರು ಸೋರುತ್ತಿದೆ, ಕಾಣುವ ಬೂಷ್ಟು 6 ಚದರ ಅಡಿ, ಡ್ರೈವಾಲ್ ಮೆತ್ತಗಾಗಿದೆ, ಮೀಟರ್ ಅಂಕಿ ಒಣ ಗೋಡೆಯಲ್ಲಿ ಇಷ್ಟು, ಇಲ್ಲಿ ಇಷ್ಟು, ಇದು ಮೂರನೇ ದೂರು, ಹಿಂದಿನ ಎರಡರ ಸಂಖ್ಯೆ ಮತ್ತು ದಿನಾಂಕ, ಮನೆಯಲ್ಲಿ ಆಸ್ತಮಾ ಇರುವ ಮಗು, ನೀರಿನ ಮೂಲ ಸರಿಪಡಿಸದೆ, ಒದ್ದೆ ಡ್ರೈವಾಲ್ ತೆಗೆಯದೆ ಮುಚ್ಚುವುದನ್ನು ಒಪ್ಪುವುದಿಲ್ಲ. ಫೋನಿನಲ್ಲಿ ಹೇಳಿದ್ದನ್ನು ಅದೇ ದಿನ ಇಮೇಲ್ ಮಾಡಿ, ಬೇಸಿನ ಸರ್ಕಾರಿ ಹೌಸಿಂಗ್ ಆಫೀಸಿಗೂ ಪ್ರತಿ ಕಳಿಸಿ. ಕಂಪನಿಯ ಆಫೀಸೂ ಸರ್ಕಾರಿ ಹೌಸಿಂಗ್ ಆಫೀಸೂ ಒಂದೇ ಎಂದುಕೊಂಡು ಎಷ್ಟೋ ಜನ ತಿಂಗಳುಗಟ್ಟಲೆ ಕಂಪನಿಯ ಕೌಂಟರ್‌ಗೇ ಅಲೆಯುತ್ತಾರೆ. ಬಾಡಿಗೆದಾರರ ಪರ ವಕಾಲತ್ತು ವಹಿಸುವ ಅಡ್ವೊಕೇಟ್ ಇರುವುದು ಸರ್ಕಾರದ ಕಡೆ.

ಅಂದಿನ ಸ್ಥಿತಿ ತೋರುವ ಸ್ಕ್ರೀನ್‌ಶಾಟ್ ನೀವೇ ಇಟ್ಟುಕೊಳ್ಳಿ, ಆಪ್‌ನಲ್ಲಿದೆ ಎಂದು ಸುಮ್ಮನಿರಬೇಡಿ. ಇದು ಅನುಮಾನದ ಮಾತಲ್ಲ. ಬಾಲ್ಫೋರ್ ಬೀಟಿ ಕಮ್ಯುನಿಟೀಸ್ ಎಂಬ ದೊಡ್ಡ ಸೇನಾ ವಸತಿ ಕಂಪನಿ 2021ರ ಡಿಸೆಂಬರ್‌ನಲ್ಲಿ ಫೆಡರಲ್ ಕೋರ್ಟಿನಲ್ಲಿ ವಂಚನೆಯ ತಪ್ಪೊಪ್ಪಿಕೊಂಡಿತು. ದುರಸ್ತಿಯ ದಾಖಲೆಗಳನ್ನು ತಿದ್ದಿ, ಕೆಲಸ ಸಮಯಕ್ಕೆ ಮುಗಿದಿದೆ ಎಂದು ತೋರಿಸಿ ಪ್ರೋತ್ಸಾಹ ಶುಲ್ಕ ಪಡೆದಿದ್ದರು. ದಂಡ 3.36 ಕೋಟಿ ಡಾಲರ್, ಮರುಪಾವತಿ 3.18 ಕೋಟಿ ಡಾಲರ್. ಎಲ್ಲ ಕಂಪನಿಯೂ ಹಾಗೆ ಎಂದಲ್ಲ. ಆದರೆ "ಮುಗಿದಿದೆ" ಎಂಬ ಗುಂಡಿ ಒತ್ತುವವರ ಹಣ ಆ ಗುಂಡಿಯ ಮೇಲೆ ನಿಂತಿರುವಾಗ ನಿಮ್ಮ ಹತ್ತಿರ ಬೇರೆ ಲೆಕ್ಕ ಇರಬೇಕು.

ಮೆಟ್ಟಿಲು ಹೀಗೆ: ದುರಸ್ತಿ ವಿಭಾಗ, ಕಂಪನಿಯ ಮ್ಯಾನೇಜರ್, ಸರ್ಕಾರಿ ಹೌಸಿಂಗ್ ಆಫೀಸಿನಲ್ಲಿ ಅನೌಪಚಾರಿಕ ಇತ್ಯರ್ಥ. ಆಗದಿದ್ದರೆ ಔಪಚಾರಿಕ ವಿವಾದದ ಅರ್ಜಿ, ಬಿಎಎಚ್ ಬೇರೆ ಇರಿಸುವ ಕೋರಿಕೆ ಅದರ ಜೊತೆಗೇ. ತೀರ್ಮಾನ ಕಮಾಂಡರ್ ಮಟ್ಟದ್ದು, ಸಾಮಾನ್ಯವಾಗಿ 30 ದಿನ, ವಿಸ್ತರಿಸಿದರೂ 60 ದಾಟುವಂತಿಲ್ಲ. ಅರ್ಜಿ ಬರೆಯುವ ಮುಂಚೆ ಜ್ಯಾಗ್‌ನ (ಸೇನೆಯ ಕಾನೂನು ವಿಭಾಗ) ಲೀಗಲ್ ಅಸಿಸ್ಟೆನ್ಸ್ ವಕೀಲರಿಗೆ ತೋರಿಸಿ, ಅದು ಉಚಿತ. ದೂರು ಕೊಟ್ಟರೆ ಮನೆಯವರ ಕೆಲಸಕ್ಕೆ ತೊಂದರೆಯಾಗುತ್ತದೆ ಎಂದು ಹೆದರಿಸಿದರೆ ಅದು ಪ್ರತೀಕಾರ, ಹಕ್ಕುಪತ್ರದಲ್ಲಿ ಅದಕ್ಕೂ ರಕ್ಷಣೆ ಇದೆ. "ಮನೆ ಬದಲಿಸಿಕೊಡುತ್ತೇವೆ, ಆದರೆ ಯಾರಿಗೂ ಹೇಳುವುದಿಲ್ಲ ಎಂಬ ಈ ಪತ್ರಕ್ಕೆ ಸಹಿ ಹಾಕಿ" ಎಂದರೆ ಹಾಕಬೇಡಿ. ಲೀಸ್ ಮಾಡಲು, ಮುಂದುವರಿಸಲು, ಬಿಡಲು ಗೌಪ್ಯತಾ ಒಪ್ಪಂದವನ್ನು ಷರತ್ತು ಮಾಡುವಂತಿಲ್ಲ.

ಬ್ಯಾರಕ್ಸ್ ಮತ್ತು ಸರ್ಕಾರವೇ ನಡೆಸುವ ಮನೆಗಳಿಗೆ ಈ ಹಕ್ಕುಪತ್ರ ಹೀಗೇ ಅನ್ವಯಿಸುವುದಿಲ್ಲ, ಓದುತ್ತಿರುವ ಬೇರೆಯವರಿಗೆ ಈ ಮಾತು.

---

ಉಸಿರು_ಡೈರಿ:

ಮಗುವಿನ ಆರೈಕೆಯ ವಿಷಯ ಯಾರೂ ಎತ್ತಲಿಲ್ಲ. ಇವತ್ತು ರಾತ್ರಿಯಿಂದಲೇ ಆ ಕೋಣೆಯಲ್ಲಿ ಮಲಗಿಸಬೇಡಿ. ಕ್ಲಾಸೆಟ್ ಬಾಗಿಲು ಮುಚ್ಚಿ, ಅಂಚಿಗೆ ಟೇಪ್ ಹಚ್ಚಿ. ಸಾಮಾನ್ಯ ವ್ಯಾಕ್ಯೂಮ್ ಆ ಗೋಡೆಯ ಹತ್ತಿರ ಒಯ್ಯಬೇಡಿ, ಅತಿ ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇಲ್ಲದಿದ್ದರೆ ಕಣಗಳನ್ನು ಮನೆಯೆಲ್ಲ ಹರಡುತ್ತದೆ. ಓಝೋನ್ ಯಂತ್ರ ಯಾರು ಕೊಟ್ಟರೂ ಬೇಡ, ಆಸ್ತಮಾ ಇರುವ ಶ್ವಾಸಕೋಶಕ್ಕೆ ಓಝೋನ್ ಇನ್ನೊಂದು ಪೆಟ್ಟು.

ವೈದ್ಯರ ಹತ್ತಿರ "ಬೂಷ್ಟಿನಿಂದ ಹೀಗಾಯಿತು ಎಂದು ಬರೆದುಕೊಡಿ" ಎಂದು ಕೇಳಿದರೆ ಹಿಂಜರಿಯುತ್ತಾರೆ, ಸಹಜ. ಬೇರೆ ತರ ಕೇಳಿ: ಮನೆಯಲ್ಲಿ ಒದ್ದೆ ಮತ್ತು ಬೂಷ್ಟು ಇರುವುದನ್ನು ದಾಖಲೆಗೆ ಸೇರಿಸಿ, ಆಸ್ತಮಾ ಇರುವ ಮಗು ಅಂಥ ಕಡೆ ಇರಬಾರದು ಎಂದು ಪತ್ರ ಕೊಡಿ. ಅದು ಅವರು ಧೈರ್ಯವಾಗಿ ಬರೆಯಬಹುದಾದ ಮಾತು, ತಾತ್ಕಾಲಿಕ ವಸತಿ ಕೇಳುವಾಗ ನಿಮಗೆ ಬೇಕಾದದ್ದೂ ಅಷ್ಟೇ. ಜೊತೆಗೆ ಒಂದು ಡೈರಿ: ರಾತ್ರಿ ಕೆಮ್ಮು ಎಷ್ಟು ಸಲ, ಇನ್ಹೇಲರ್ ಎಷ್ಟು ಪಫ್, ಆ ರಾತ್ರಿ ಎಲ್ಲಿ ಮಲಗಿತ್ತು. ನಾಲ್ಕು ವರ್ಷದ ಮಗುವಿಗೆ ಪೀಕ್ ಫ್ಲೋ (ಉಸಿರಿನ ವೇಗ ಅಳೆಯುವ ಮೀಟರ್) ಊದಿಸಲು ಆಗುವುದಿಲ್ಲ, ಪಫ್ ಲೆಕ್ಕವೇ ಆಧಾರ.

ಮೂತ್ರದಲ್ಲಿ ಮೈಕೋಟಾಕ್ಸಿನ್ (ಬೂಷ್ಟಿನ ವಿಷ) ನೋಡುತ್ತೇವೆ ಎನ್ನುವ ದುಬಾರಿ ಲ್ಯಾಬ್‌ಗಳಿಗೆ ಹಣ ಸುರಿಯಬೇಡಿ. ಆ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಅನುಮೋದನೆ ಇಲ್ಲ. ಆರ್ಮಿಯವರಾದರೆ 2019ರಲ್ಲಿ ಶುರುವಾದ ವಸತಿ ಪರಿಸರ ಆರೋಗ್ಯ ರಿಜಿಸ್ಟ್ರಿ ಇದೆಯೇ ಎಂದು ಬೇಸಿನ ಆಸ್ಪತ್ರೆಯಲ್ಲಿ ಕೇಳಿ ನೋಡಿ.

---

ಪಿಸಿಎಸ್_ಪೆಟ್ಟಿಗೆ:

ಅರ್ಧ ಲೀಟರ್ ಹುಯ್ದೆವು, ಒಂದು ಹನಿಯೂ ಹೊರಗೆ ಬರಲಿಲ್ಲ. ವಿಡಿಯೋ ಸಮೇತ ದೂರು ಹೋಗಿದೆ, ಹೌಸಿಂಗ್ ಆಫೀಸಿಗೂ. ಗುರುವಾರ ಗುತ್ತಿಗೆದಾರರು ಬರುತ್ತಾರಂತೆ, "ಒಂದೇ ದಿನದ ಕೆಲಸ, ನೀವು ಮನೆಯಲ್ಲೇ ಇರಬಹುದು" ಎನ್ನುತ್ತಿದ್ದಾರೆ. 6 ಚದರ ಅಡಿ ತಾನೇ, 10ರ ಒಳಗೆ ನಾವೇ ಮಾಡಿಕೊಳ್ಳಬಹುದು ಎಂದು ಇಪಿಎ ಹೇಳುತ್ತದಲ್ಲ?

---

ತೇವಮಾಪಕ:

10 ಚದರ ಅಡಿಯ ಮಾತು ನಿಜ, ಆದರೆ ನಿಮ್ಮ ಗೋಡೆಗೆ ಎರಡು ಕಾರಣಕ್ಕೆ ಅದು ಹೊಂದುವುದಿಲ್ಲ. ಈ ಕಡೆ ಆರು ಚದರ ಅಡಿ ಕಂಡರೆ ಹಿಂಬದಿಯ ಕಾಗದದಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ, ನೀರು ಬಂದದ್ದು ಆ ಕಡೆಯಿಂದ. ಎರಡನೆಯದು ಮನೆಯ ವಯಸ್ಸು. 1977ಕ್ಕೆ ಮುಂಚಿನ ಡ್ರೈವಾಲ್ ಜಾಯಿಂಟ್ ಕಾಂಪೌಂಡ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು, 1978ಕ್ಕೆ ಮುಂಚಿನ ಬಣ್ಣದಲ್ಲಿ ಸೀಸ. ಕಾರ್ಪೆಟ್ ಕೆಳಗೆ 9 ಇಂಚಿನ ಹಳೆಯ ಟೈಲ್, ಅದರಡಿ ಕಪ್ಪು ಅಂಟು ಸಿಕ್ಕರೆ ಅದರಲ್ಲೂ. ಬೂಷ್ಟು ತೆಗೆಯಲು ಹೋಗಿ ಆಸ್ಬೆಸ್ಟಾಸ್ ದೂಳು ಎಬ್ಬಿಸಿದರೆ ಅದನ್ನು ಸೋಪು ನೀರಿನಲ್ಲಿ ತೊಳೆಯಲಾಗದು. ಗರಗಸ ಗೋಡೆಗೆ ತಾಗುವ ಮುಂಚೆ ಸ್ಯಾಂಪಲ್ ವರದಿ ತೋರಿಸಿ ಎಂದು ಇವತ್ತೇ ಇಮೇಲ್ ಮಾಡಿ. ಪರೀಕ್ಷೆ ಬೇಡ ಎಂದು ಮೊದಲು ಹೇಳಿದ್ದು ಬೂಷ್ಟಿಗೆ, ಇದಕ್ಕೆ ಬೇಕೇ ಬೇಕು.

ಮನೆಯಲ್ಲಿ ಇರಬೇಡಿ, ಮಗುವಂತೂ ಬೇಡವೇ ಬೇಡ. ಗುರುವಾರ ಒಬ್ಬರು ಬಾಗಿಲಲ್ಲಿ ನಿಂತು ಇಷ್ಟು ನೋಡಿದರೆ ಸಾಕು. 6 ಮಿಲ್ (ಇಂಚಿನ ಸಾವಿರದ 6 ಭಾಗ) ದಪ್ಪದ ಪ್ಲಾಸ್ಟಿಕ್ ಹಾಳೆ ಕೋಣೆಯ ಬಾಗಿಲಿಗೆ ಬಂತಾ. ಆ ಕೋಣೆಯ ಏಸಿ ವೆಂಟ್‌ಗಳು ಮುಚ್ಚಿದವಾ. ಹೆಪಾ ಯಂತ್ರ ಗಾಳಿಯನ್ನು ಹೊರಗೆ ತಳ್ಳುತ್ತಿದೆಯಾ. ಹಾಳೆ ಕೋಣೆಯ ಒಳಕ್ಕೆ ಉಬ್ಬಿ ನಿಂತರೆ ಸರಿ, ಹಾಲ್ (ನಡುಕೋಣೆ) ಕಡೆಗೆ ಉಬ್ಬಿದರೆ ಕಣಗಳೆಲ್ಲ ನಿಮ್ಮ ಸೋಫಾದ ಮೇಲೆ. ಕತ್ತರಿಸಿದ ಡ್ರೈವಾಲ್ ಅಲ್ಲೇ ಚೀಲಕ್ಕೆ ಹೋಗಿ ಬಾಯಿ ಕಟ್ಟಿತಾ. ಈ ಯಾವುದೂ ಇಲ್ಲದೆ ಬಕೆಟ್, ಬ್ರಷ್, ಪೇಂಟ್ ಡಬ್ಬಿ ಹಿಡಿದು ಬಂದರೆ ಕೆಲಸ ಶುರುವಾಗುವ ಮುಂಚೆಯೇ ಹೌಸಿಂಗ್ ಆಫೀಸಿಗೆ ಫೋನ್ ಮಾಡಿ.

ಒಂದೇ ದಿನ ಎನ್ನುವುದು ನಂಬುವ ಮಾತಲ್ಲ. ಡ್ರೈವಾಲ್ ತೆಗೆದ ಮೇಲೆ ಒಳಗಿನ ಮರದ ಸ್ಟಡ್ (ನಿಲುವು ಪಟ್ಟಿ) ಮತ್ತು ಸ್ಲ್ಯಾಬ್ ಮೇಲೆ ಮಲಗಿರುವ ಅಡಿಪಟ್ಟಿ ಒಣಗಬೇಕು. ಮೀಟರ್ ಮರದಲ್ಲಿ 15%ಕ್ಕಿಂತ ಕೆಳಗೆ ಬರುವ ತನಕ ಹೊಸ ಹಾಳೆ ಹೊಡೆಯಬಾರದು. ಅದಕ್ಕೆ ಡಿಹ್ಯುಮಿಡಿಫೈಯರ್ ಮತ್ತು ಫ್ಯಾನ್ ಇಟ್ಟರೂ ಕೆಲವು ದಿನ ಹಿಡಿಯುತ್ತದೆ. ಗೋಡೆ ತೆರೆದಿರುವಾಗಲೇ ಟೇಪ್ ಅಳತೆ ಜೊತೆಗೆ ಫೋಟೋ ತೆಗೆಯಿರಿ, ಮೀಟರ್ ಅಂಕಿ ಕಾಣುವಂತೆ. ಮುಚ್ಚಿದ ಮೇಲೆ ಯಾರಿಗೂ ಏನೂ ತೋರಿಸಲಾಗದು.

ಹೊಸ ಡ್ರೈವಾಲ್ ಸ್ಲ್ಯಾಬಿಗೆ ತಾಗದಂತೆ ಅರ್ಧ ಇಂಚು ಎತ್ತಿ ಕೂರಿಸಲು ಹೇಳಿ, ಬೇಸ್‌ಬೋರ್ಡ್ ಆ ಸಂದು ಮುಚ್ಚುತ್ತದೆ. ಕ್ಲಾಸೆಟ್‌ನಲ್ಲಿದ್ದ ಬಟ್ಟೆ ತೊಳೆದು ಪೂರ್ತಿ ಒಣಗಿಸಿದರೆ ಉಳಿಯುತ್ತದೆ. ಹಾಸಿಗೆ, ದಿಂಬು, ಸ್ಪಂಜಿನ ಆಟಿಕೆ, ರಟ್ಟಿನ ಪೆಟ್ಟಿಗೆಗಳಿಗೆ ಬೂಷ್ಟು ಹತ್ತಿದ್ದರೆ ಎಸೆಯಿರಿ. ಎಸೆಯುವ ಮುಂಚೆ ಒಂದೊಂದರ ಫೋಟೋ, ಕೊಂಡ ಬೆಲೆ ಬರೆದಿಡಿ. ರೆಂಟರ್ಸ್ ಇನ್ಶೂರೆನ್ಸ್‌ಗಳು ಬೂಷ್ಟನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಆದರೆ ಏಸಿ ನೀರು ಉಕ್ಕಿ ಹಾಳಾಯಿತು ಎನ್ನುವ ವಿಡಿಯೋ ಈಗ ನಿಮ್ಮ ಹತ್ತಿರ ಇರುವುದರಿಂದ ಪಟ್ಟಿಯನ್ನು ಮೊದಲು ಕಂಪನಿಗೇ ಕಳಿಸಿ.

---

ಡಕ್ಟ್_ಮೇಸ್ತ್ರಿ:

ಒಂದು ಸೇರಿಸ್ತೀನಿ. ಗೋಡೆ ಮುಚ್ಚೋ ಮುಂಚೆ ಅದೇ ಅರ್ಧ ಲೀಟರ್ ನೀರನ್ನು ಅವರ ಎದುರಿಗೇ ಮತ್ತೆ ಹುಯ್ಯಿಸಿ, ಒಮ್ಮೆ ಏಸಿ ಆಫ್ ಇದ್ದಾಗ, ಒಮ್ಮೆ ಫ್ಯಾನ್ ಓಡುವಾಗ. ಟ್ರ್ಯಾಪ್ ತಪ್ಪಾಗಿದ್ರೆ ಮೊದಲನೇ ಸಲ ಸರಾಗ ಹರಿದು ಎರಡನೇ ಸಲ ನಿಲ್ಲುತ್ತೆ.